ಕುಲುಮೆ ಕೋಣೆಯ ದೃಶ್ಯ

ಈ ಸಲವೂ ಕೋರಾ ಸರಿಯಾಗಿ ಬೀಳಲಿಲ್ಲ. ಮೊಣಕಾಲು ಮಡಚುವ ಮೊದಲೇ ಸೊಂಟ ಬಾಗಿ, ತಲೆ ಎಲ್ಲಕ್ಕಿಂತ ಕೊನೆಗೆ ಟಣ್ಣೆಂದು ನೆಲಕ್ಕೆ ಬಡಿದು, ಹಗ್ಗದಿಂದ ಜಾರಿದ ಒದ್ದೆ ಬಟ್ಟೆಯ ಹಾಗೆ ಗುಪ್ಪೆಯಾಗಿ ಬಿದ್ದಳು. ಕ್ಯಾಮೆರಾದ ಪಕ್ಕ ನಿಂತಿದ್ದ ನಿರ್ದೇಶಕ ಬ್ಯಾಸಿಲ್ ಟ್ರೆಂಟ್ ಕಣ್ಣು ಮುಚ್ಚಿ ಹಣೆ ಒತ್ತಿಕೊಂಡ.

"ಎನಿಡ್, ಅವಳು ಮೂರ್ಛೆ ಹೋಗ್ಬೇಕು. ಗುಂಡೇಟು ತಿಂದವಳ ಥರ ಬೀಳೋದಲ್ಲ," ಎಂದ. "ಮೆತ್ತಗೆ. ಹೂವು ಬಾಡಿದ ಹಾಗೆ."

ಸೆಟ್ಟಿನ ಮೇಲಿನ ಅಟ್ಟಣೆಯಲ್ಲಿ ನಿಂತು ಬೊಂಬೆ ಆಡಿಸುತ್ತಿದ್ದವಳು ಎನಿಡ್ ಗಾರ್ತ್. ಕಬ್ಬಿಣದ ಕಂಬಿಗೆ ಎದೆ ಒತ್ತಿ ಬಾಗಿ, ಕೈಯಲ್ಲಿದ್ದ ಅಡ್ಡಪಟ್ಟಿಯನ್ನು ನಿಧಾನವಾಗಿ ಮೇಲೆತ್ತಿದಳು. ಕೂದಲೆಳೆಯಷ್ಟು ಸಣ್ಣ ಉಕ್ಕಿನ ತಂತಿಗಳು ಬಿಗಿದವು. ಕೆಳಗೆ ಎರಡಡಿಯ ಬೊಂಬೆ ತಲೆ ಎತ್ತಿ, ಭುಜ ಎತ್ತಿ, ಯಾರ ಸಹಾಯವೂ ಬೇಡವೆಂಬಂತೆ ಎದ್ದು ನಿಂತಿತು. ಏಳುವುದರಲ್ಲಿ ಮಾತ್ರ ಒಂದು ಲೋಪವೂ ಇರಲಿಲ್ಲ. ಪಕ್ಕದಲ್ಲಿ ಎಂಜಿನಿಯರ್ ಬೊಂಬೆಯನ್ನು ಹಿಡಿದಿದ್ದ ಡಿಲಿಸ್ ಪ್ರೋಸರ್ ತುಟಿ ಕಚ್ಚಿ ನಗು ತಡೆದಳು.

"ಬೇಕಂತಲೇ ಮಾಡ್ತಿದ್ದೀಯ ಅಲ್ವೇನೇ?" ಎಂದು ಪಿಸುಗುಟ್ಟಿದಳು.

"ಆಕಿಗೆ ಬೀಳೂದು ಬರಂಗಿಲ್ಲ. ನಾ ಏನ್ ಮಾಡ್ಲಿ?" ಎಂದಳು ಎನಿಡ್.

ಎನಿಡ್ ದೇಶದ ಉತ್ತರದವಳು, ಹಲ್ ಎಂಬ ಬಂದರಿನ ಕಡೆಯವಳು. ಅವಳು ಬಾಯಿ ತೆರೆದರೆ ದಕ್ಷಿಣದವರಿಗೆ ಒಂದು ತಮಾಷೆ. ದಕ್ಷಿಣದ ಸ್ಲೌ ಊರಿನಲ್ಲಿ ಸ್ಟುಡಿಯೊ ಮಾಡಿಕೊಂಡಿದ್ದ ಆ ಹಳೆಯ ಗೋದಾಮಿಗೆ ಬಂದ ಹೊಸತರಲ್ಲಿ ಬಡಗಿಗಳೂ ಬಣ್ಣದವರೂ ಅವಳ ಮಾತನ್ನು ಅಣಕಿಸಿ ನಗುತ್ತಿದ್ದರು. ನಕ್ಕವರಿಗೆಲ್ಲ ಅವಳು ಅದೇ ಮಾತಿನಲ್ಲಿ ತಿರುಗಿಸಿ ಕೊಟ್ಟದ್ದರಿಂದ ಈಗ ಯಾರೂ ಆ ಉಸಾಬರಿಗೆ ಹೋಗುತ್ತಿರಲಿಲ್ಲ. ಅವಳ ಅಜ್ಜ ಅಜ್ಜಿ ಕುದುರೆ ಗಾಡಿಯಲ್ಲಿ ಬೊಂಬೆ ಹೇರಿಕೊಂಡು ಗಣಿ ಊರುಗಳನ್ನು ಸುತ್ತಿದವರು. ಅಪ್ಪ ಸಮುದ್ರದಂಡೆಯಲ್ಲಿ ಡೇರೆ ಹಾಕಿ ಆಡಿಸಿದವನು. ಈಗ ಡೇರೆಗೆ ಯಾರೂ ಬರುವುದಿಲ್ಲ. ಎಲ್ಲರ ಮನೆಯಲ್ಲೂ ಟೆಲಿವಿಷನ್ ಬಂದು ಕೂತಿದೆ. ಹಾಗಾಗಿ ಎನಿಡ್ ಟೆಲಿವಿಷನ್ನಿಗೇ ಬಂದಳು.

ಗುರುವಾರ ಸಂಜೆ ‘ಲೈಟ್‌ಹೌಸ್ ಸೆವೆನ್’ ಶುರುವಾದರೆ ದೇಶದ ಅರ್ಧ ಮಕ್ಕಳು ತಿನ್ನುವುದನ್ನೂ ಮರೆಯುತ್ತಿದ್ದರು. ನಕ್ಷತ್ರಗಳ ನಡುವೆ ಒಂದು ದೀಪಸ್ತಂಭ. ದಾರಿ ತಪ್ಪಿದ ಹಡಗುಗಳಿಗೆ ಬೆಳಕು ತೋರಿಸುವುದು ಅದರ ಕೆಲಸ. ಕಮಾಂಡರ್ ಬ್ರ್ಯಾಂಡ್ ಅದರ ಯಜಮಾನ. ರೇಡಿಯೊ ನೋಡಿಕೊಳ್ಳುವವಳು ಲೆಫ್ಟಿನೆಂಟ್ ಕೋರಾ ಲೇನ್. ಮೊದಲ ಕಂತಿನಿಂದ ಕೋರಾ ಮಾಡಿದ್ದೆಂದರೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು "ಕಮಾಂಡರ್, ಅಪಾಯದ ಕರೆ ಬಂದಿದೆ" ಅನ್ನುವುದು, ಆಮೇಲೆ ಕಾಫಿ ತರುವುದು. ಅದೂ ಸೊಂಟದಿಂದ ಮೇಲೆ ಮಾತ್ರ. ಬೊಂಬೆಗಳನ್ನು ಕಾಲು ಕಾಣುವಂತೆ ನಡೆಸಬಾರದೆಂಬುದು ಬ್ಯಾಸಿಲನ ಕಟ್ಟಪ್ಪಣೆ. ನಡೆದರೆ ತೇಲಿದ ಹಾಗೆ ಕಾಣುತ್ತದೆ, ಮೋಸ ಬಯಲಾಗುತ್ತದೆ. ಹಾಗಾಗಿ ಕಮಾಂಡರನಿಗೆ ಚಲಿಸುವ ಕುರ್ಚಿ, ಎಂಜಿನಿಯರನಿಗೆ ಚಲಿಸುವ ಪಟ್ಟಿ. ಭವಿಷ್ಯದಲ್ಲಿ ಯಾರೂ ನಡೆಯುವುದೇ ಇಲ್ಲವೇನೋ ಎಂದು ಎನಿಡ್ ಅಣಕಿಸುತ್ತಿದ್ದಳು.

ಅಂಥದ್ದರಲ್ಲಿ ಈ ಕಂತು ಬಂದಿತ್ತು. ಕುಲುಮೆ ಕೋಣೆಗೆ ಬೆಂಕಿ ಬಿದ್ದಿದೆ. ಕಮಾಂಡರ್ ಹೊರಗಿದ್ದಾನೆ, ಎಂಜಿನಿಯರ್ ಹೊಗೆ ಕುಡಿದು ನೆಲಕ್ಕೆ ಬಿದ್ದಿದ್ದಾನೆ. ಉಳಿದವಳು ಕೋರಾ ಒಬ್ಬಳೇ. ಮೊದಲ ಬರಹದಲ್ಲಿ ಅವಳು ಬೆಂಕಿಯ ನಡುವೆ ಹೋಗಿ ಇಂಧನದ ಕೊಳವೆಯ ಚಕ್ರ ತಿರುಗಿಸಿ ಕುಲುಮೆ ಆರಿಸುತ್ತಿದ್ದಳು. ಎನಿಡ್ ಹಟ ಹಿಡಿದು ಬ್ಯಾಸಿಲನನ್ನು ಒಪ್ಪಿಸಿದ್ದಳು, ಈ ಒಂದು ಸಲ ಕಾಲು ತೋರಿಸೋಣ ಎಂದು. ಊಟದ ಹೊತ್ತಿನಲ್ಲೆಲ್ಲ ಕೋರಾಳನ್ನು ಖಾಲಿ ಸೆಟ್ಟಿನ ನೆಲದ ಮೇಲೆ ನಡೆಸಿ ನಡೆಸಿ ನೋಡಿದ್ದಳು. ಪಕ್ಕದ ಕಾರ್ಖಾನೆಯಿಂದ ಚಾಕೊಲೇಟ್ ಕಾಯುವ ವಾಸನೆ ಬರುತ್ತಿತ್ತು. ಡಿಲಿಸ್ ಕೆಳಗೆ ಮಂಡಿಯೂರಿ ಕೂತು, ಎಡಗಾಲು ಎಳೆಯುತ್ತಿದೆ, ಹಿಮ್ಮಡಿ ಮೊದಲು ಊರುತ್ತಿಲ್ಲ ಎಂದು ಹೇಳುತ್ತಿದ್ದಳು. ಬೊಂಬೆಯ ಜೀವ ಇರುವುದು ಕೈಯಲ್ಲಲ್ಲ, ಪಾದದಲ್ಲಿ ಎಂದು ಎನಿಡಳ ಅಪ್ಪ ಹೇಳುತ್ತಿದ್ದನಂತೆ.

ಆಮೇಲೆ ಅಮೆರಿಕದಿಂದ ಕೋಸ್ಟಿಗನ್ ಸಾಹೇಬರು ಬಂದರು. ಮುಂದಿನ ವರ್ಷದ ಕಂತುಗಳನ್ನು ಅಮೆರಿಕದ ಟೆಲಿವಿಷನ್ನಿಗೆ ಕೊಳ್ಳಬೇಕಾದವರು ಅವರು. ಕೆಟ್ಟ ಮನುಷ್ಯರಲ್ಲ. ಎಲ್ಲರ ಹೆಸರು ಕೇಳಿ ನೆನಪಿಟ್ಟುಕೊಂಡಿದ್ದರು, ಡಿಲಿಸಳ ಮಕ್ಕಳಿಗೆಂದು ಮಿಠಾಯಿ ಡಬ್ಬಿ ಕೊಟ್ಟಿದ್ದರು. ಆದರೆ ಬರಹ ಓದಿ ಬೇಡವೆಂದು ತಲೆ ಅಲ್ಲಾಡಿಸಿದರು. ಹುಡುಗಿ ಬೆಂಕಿಗೆ ಇಳಿಯುವುದು ಅಲ್ಲಿನ ತಾಯಂದಿರಿಗೆ ಹಿಡಿಸುವುದಿಲ್ಲ, ಅಂಗಡಿಯಲ್ಲಿ ಮಾರಾಟವಾಗುವುದು ಕಮಾಂಡರನ ಆಟಿಕೆ, ಆದ್ದರಿಂದ ಕಾಪಾಡಬೇಕಾದವನು ಅವನು ಎಂದರು. ಒಂದೇ ದಿನದಲ್ಲಿ ಬರಹ ಬದಲಾಯಿತು. ಕೋರಾ ಬಾಗಿಲು ತೆರೆಯುತ್ತಾಳೆ, ಬೆಂಕಿ ನೋಡಿ "ಅಯ್ಯೋ" ಅನ್ನುತ್ತಾಳೆ, ಮೂರ್ಛೆ ಹೋಗುತ್ತಾಳೆ. ಕಮಾಂಡರ್ ಬರುತ್ತಾನೆ.

ಬೀಳುವ ಅಭ್ಯಾಸ ನಡೆದ ಆ ದಿನ ಚಹಾದ ಹೊತ್ತಿನಲ್ಲಿ ಎನಿಡ್ ಬ್ಯಾಸಿಲನ ಎದುರು ಹೋಗಿ ಕೂತಳು. ಅವನು ಮೊದಲೇ ಕೈ ಎತ್ತಿ, ತನಗೂ ಇದು ಇಷ್ಟವಿಲ್ಲ, ಆದರೆ ಗೋದಾಮಿನ ತುಂಬ ಜನರ ಅನ್ನ ಈ ಮನುಷ್ಯನ ಒಂದು ಒಪ್ಪಿಗೆಯ ಮಾತಿನಲ್ಲಿದೆ ಎಂದ. ಎನಿಡ್ ಅದನ್ನು ಅಲ್ಲಗಳೆಯಲಿಲ್ಲ.

"ಯುದ್ಧದಾಗ ನಾ ಹಲ್ ಊರಿನ ಅಗ್ನಿಶಾಮಕ ಠಾಣೆದಾಗ ಟೆಲಿಫೋನ್ ಮ್ಯಾಲ ಕೂತಿದ್ದೆ, ಗೊತ್ತದ ಏನ್ರಿ ನಿಮಗ?" ಎಂದಳು. "ಬಾಂಬ್ ಬಿದ್ದು ಊರಿಗೆ ಊರೇ ಉರಿತಿತ್ತು. ನಮ್ಮ ಠಾಣೆ ಚಾವಣಿನೂ ಹೋತು. ನಾವು ಹೆಣ್ಮಕ್ಕಳೆಲ್ಲಾ ಟೇಬಲ್ಲಿನ ಕೆಳಗ ಕೂತು ಫೋನ್ ಎತ್ತಿದಿವಿ. ಒಬ್ಬಾಕಿನೂ ಮೂರ್ಛಿ ಹೋಗ್ಲಿಲ್ಲ. ಹೋದವರು ನಮ್ಮ ಸಾಹೇಬ್ರು. ಅವರಿಗೆ ಚಾ ಕೊಟ್ಟು ಮೂಲ್ಯಾಗ ಕೂಡಿಸಿದಿವಿ."

ಬ್ಯಾಸಿಲ್ ನಕ್ಕುಬಿಟ್ಟ. ನಕ್ಕದ್ದಕ್ಕೆ ತನಗೇ ಬೇಸರವಾದಂತೆ ಲೋಟ ಕೆಳಗಿಟ್ಟು, "ಎನಿಡ್, ಅದು ಬೊಂಬೆ," ಎಂದ.

"ಹೌದ್ರಿ. ಬೊಂಬಿ ತಾನ ಬೀಳಂಗಿಲ್ಲ. ಯಾರರೆ ಬೀಳಸ್ಬೇಕು," ಎಂದು ಅವಳು ಎದ್ದುಹೋದಳು.

ಬೆಂಕಿಯ ದಿನ ಗೋದಾಮಿನಲ್ಲಿ ಬೆಳಗ್ಗಿನಿಂದಲೇ ಯಾರೂ ಜೋರಾಗಿ ಮಾತಾಡಲಿಲ್ಲ. ಕುಲುಮೆ ಕೋಣೆಯ ಸೆಟ್ಟು ಇದ್ದದ್ದು ಒಂದೇ. ಬಡಗಿಗಳು ವಾರಗಟ್ಟಲೆ ಕೂತು ಕಟ್ಟಿದ್ದು ಸುಟ್ಟುಹೋದರೆ ಹೋಯಿತು. ಎರಡನೆಯ ಸಲ ತೆಗೆಯುವ ಮಾತೇ ಇಲ್ಲ. ಬೆಂಕಿ ಹಾಕುವ ಆಲ್ಫ್ ಪುಟ್ಟ ಗೋಡೆಗಳಿಗೂ ಕೊಳವೆಗಳಿಗೂ ಅಂಟಿನಂಥ ಎಣ್ಣೆ ಬಳಿಯುತ್ತಿದ್ದ. ತೆರೆಯ ಮೇಲೆ ಎಲ್ಲ ನಿಧಾನವಾಗಿ, ಕಿಡಿ ದೊಡ್ಡ ಜ್ವಾಲೆಯಾಗಿ ಕಾಣಲೆಂದು ಕ್ಯಾಮೆರಾವನ್ನು ದುಪ್ಪಟ್ಟು ವೇಗದಲ್ಲಿ ಓಡಿಸುವುದೆಂದು ನಿಶ್ಚಯವಾಗಿತ್ತು. ಅಟ್ಟಣೆ ನೇರವಾಗಿ ಬೆಂಕಿಯ ಮೇಲೇ ಇದ್ದದ್ದರಿಂದ ಕೋರಾ ಬಿದ್ದ ತಕ್ಷಣ ಇಬ್ಬರೂ ಇಳಿದುಬಿಡಬೇಕೆಂದು ಆಲ್ಫ್ ಮತ್ತೆ ಮತ್ತೆ ಹೇಳಿದ. ಕೋಸ್ಟಿಗನ್ ಸಾಹೇಬರು ಕ್ಯಾಮೆರಾದ ಹಿಂದೆ ಮಡಚುವ ಕುರ್ಚಿಯಲ್ಲಿ ಕೂತು, ಎನಿಡ್ ಮೇಲೆ ಹತ್ತುವಾಗ ಟೋಪಿ ಎತ್ತಿ ನಮಸ್ಕರಿಸಿದರು.

ಮೇಲೆ ಹೋದಮೇಲೆ ಎನಿಡ್ ಡಿಲಿಸಳಿಗೆ, "ನಿನ್ನ ಎಂಜಿನಿಯರ್ ಮಲಕೊಂಡ ಅಂದ್ರ ನಿನ್ನ ಕೆಲಸ ಮುಗೀತು. ಅಲ್ಲೇ ನಿಂತು ಹೊಗಿ ಕುಡೀಬ್ಯಾಡ. ಇಳದ್ ಹೋಗಿಬಿಡು," ಎಂದಳು.

"ನೀನು?"

"ನಾನೂ ಬರ್ತೀನಿ."

ಡಿಲಿಸ್ ಅವಳ ಮುಖವನ್ನೇ ನೋಡಿದಳು. ಏನೋ ಕೇಳಬೇಕೆಂದುಕೊಂಡಳು. ಅಷ್ಟರಲ್ಲಿ ಕೆಳಗೆ ಬ್ಯಾಸಿಲ್ ಎಲ್ಲರನ್ನೂ ಸುಮ್ಮನಿರಿಸಿದ, ಆಲ್ಫ್ ಬೆಂಕಿ ಮುಟ್ಟಿಸಿದ.

ಬೆಂಕಿ ಭಗ್ಗನೆ ಎದ್ದಿತು. ಪುಟ್ಟ ಬಾಗಿಲು ತೆರೆಯಿತು. ಕೋರಾ ಹೊಸ್ತಿಲಲ್ಲಿ ನಿಂತಳು, ಬೆಳ್ಳಿ ಬಣ್ಣದ ಉಡುಪಿನ ಮೇಲೆ ಕೆಂಪು ಬೆಳಕು ಕುಣಿಯುತ್ತಿತ್ತು. ಧ್ವನಿಯಂತ್ರದಿಂದ "ಅಯ್ಯೋ" ಎಂಬ ಮಾತು ಬಂದು, ಅವಳ ತುಟಿ ಅಲುಗಿತು. ಎಲ್ಲರೂ ಬೀಳುವುದಕ್ಕೆ ಕಾದರು.

ಎನಿಡ್ ಅಡ್ಡಪಟ್ಟಿಯನ್ನು ಇಳಿಸಲಿಲ್ಲ. ಎಡಕ್ಕೆ ಒಂದಿಷ್ಟು ವಾಲಿಸಿದಳು. ಕೋರಾ ಒಂದು ಹೆಜ್ಜೆ ಇಟ್ಟಳು.

"ಬೀಳ್ಸಿ," ಎಂದ ಬ್ಯಾಸಿಲ್. ಎನಿಡಳಿಗೆ ಕೇಳಿಸಿತು. ಇನ್ನೊಂದು ಹೆಜ್ಜೆ ಇಡಿಸಿದಳು. "ಎನಿಡ್, ಬೀಳ್ಸಿ ಅವಳನ್ನ." ಕ್ಯಾಮೆರಾದವನು ಬ್ಯಾಸಿಲನ ಕಡೆ ತಿರುಗಿ ನೋಡಿದ. ನಿಲ್ಲಿಸಿದರೆ ಸೆಟ್ಟೂ ಹೋಯಿತು, ಚಿತ್ರವೂ ಹೋಯಿತು. ಬ್ಯಾಸಿಲ್ ನಿಲ್ಲಿಸು ಅನ್ನಲಿಲ್ಲ.

ಬಿಸಿ ಗಾಳಿ ಎನಿಡಳ ಮುಖಕ್ಕೆ ರಾಚುತ್ತಿತ್ತು. ತಂತಿಗಳ ಗುಂಟ ಕಾವು ಹತ್ತಿ ಅಡ್ಡಪಟ್ಟಿಯ ಕಬ್ಬಿಣದ ಕೊಕ್ಕೆಗಳು ಬೆರಳನ್ನು ಸುಡಲು ಶುರುಮಾಡಿದವು. ಕಣ್ಣಲ್ಲಿ ನೀರು ತುಂಬಿ ಕೆಳಗಿನದು ಸರಿಯಾಗಿ ಕಾಣುತ್ತಿರಲಿಲ್ಲ. ಅವಸರಕ್ಕೆ ಹೆಜ್ಜೆಗಳು ಅಭ್ಯಾಸ ಮಾಡಿದ್ದಕ್ಕಿಂತ ಬೇಗ ಬೇಗ ಬೀಳುತ್ತಿದ್ದವು. ಹೀಗೆ ಓಡಿಸಿದರೆ ಕೋಳಿ ನಡಿಗೆಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ಆದರೆ ನಿಧಾನ ಮಾಡುವಷ್ಟು ಹೊತ್ತು ಕೈಯಲ್ಲಿರಲಿಲ್ಲ. ನೆಲಕ್ಕೆ ಬಿದ್ದಿದ್ದ ಎಂಜಿನಿಯರನನ್ನು ಸುತ್ತಿಕೊಂಡು ಕೋರಾ ಮುಂದೆ ಹೋದಳು. ಕಿಡಿಯೊಂದು ಹಾರಿ ಅವಳ ಕೂದಲಿನ ತುದಿ ಹೊಗೆಯಾಡಿತು. ಚಕ್ರದ ಮುಂದೆ ಬಂದು ನಿಂತಳು.

ಅಲ್ಲಿ ಎನಿಡಳ ಲೆಕ್ಕ ತಪ್ಪಿತು. ಬೊಂಬೆ ನೆಟ್ಟಗೆ ನಿಲ್ಲಬೇಕಾದರೆ ಅವಳ ಎರಡೂ ಕೈ ಬೇಕು. ಬೊಂಬೆಯ ಕೈ ಎತ್ತಲು ಮೂರನೆಯದಿರಲಿಲ್ಲ. ಚಕ್ರ ತಿರುಗಿಸುವ ಅಭ್ಯಾಸದಲ್ಲಿ ಆ ತಂತಿ ಹಿಡಿಯಲು ಡಿಲಿಸ್ ಮೇಲೆ ಹತ್ತಿ ಬರುತ್ತಿದ್ದಳು. ಇಳಿದುಹೋಗು ಎಂದು ತಾನೇ ಹೇಳಿದ್ದಳಲ್ಲ.

ಪಕ್ಕದಿಂದ ಕೆಮ್ಮು ಕೇಳಿಸಿತು. ಡಿಲಿಸ್ ಹೋಗಿರಲಿಲ್ಲ. ಬಾಯಿಗೆ ಏಪ್ರನ್ನಿನ ತುದಿ ಒತ್ತಿಕೊಂಡು ಅಲ್ಲೇ ನಿಂತಿದ್ದಳು.

"ಕೈ," ಎಂದಳು ಎನಿಡ್.

ಡಿಲಿಸ್ ತನ್ನ ಊರಿನ ಭಾಷೆಯಲ್ಲಿ ಏನೋ ಬೈದು, ಮುಂದೆ ಬಾಗಿ ತಂತಿ ಹಿಡಿದೆಳೆದಳು. ಕೋರಾಳ ಬಲಗೈ ಮೇಲೆದ್ದು, ಒಂದು ಗಳಿಗೆ ಗಾಳಿಯಲ್ಲಿ ನಡುಗಿ, ಚಕ್ರದ ಮೇಲೆ ಕೂತಿತು.

ಬೆಂಕಿ ಆರಿಸಿ ಇಬ್ಬರನ್ನೂ ಕೆಳಗಿಳಿಸಿದಾಗ ಎನಿಡಳ ಬೆರಳುಗಳಲ್ಲಿ ಗುಳ್ಳೆ ಎದ್ದಿದ್ದವು. ಹೊರಗಿನ ಅಂಗಳದಲ್ಲಿ ಡಿಲಿಸ್ ಬಕೆಟ್ಟಿನ ಮೇಲೆ ಬಾಗಿ ಕೆಮ್ಮಿ ಕೆಮ್ಮಿ, ಮುಖ ಒರೆಸಿಕೊಂಡು ಎನಿಡಳ ಕಡೆ ತಿರುಗಿದಳು. ಅವಳ ಕಣ್ಣಿನ ಕೆಂಪು ಹೊಗೆಯದಷ್ಟೇ ಆಗಿರಲಿಲ್ಲ.

"ನಂಗೆ ಎರಡು ಮಕ್ಕಳಿವೆ ಕಣೇ. ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ಕೇಳಿದ್ರ ನೀನೂ ಸಿಕ್ಕೋತಿದ್ದಿ. ಅದಕ್ಕ ಇಳಿ ಅಂದೆ."

"ಇಳಿ ಅಂತೆ, ಇಳಿ. ಇಳಿದುಹೋಗಿದ್ರೆ ಅವಳು ಚಕ್ರದ ಮುಂದೆ ಕೈ ಇಳಿಬಿಟ್ಕೊಂಡು ನಿಂತಿರ್ತಿದ್ಲು, ಬಸ್ಸಿಗೆ ಕಾಯೋ ಥರ." ಡಿಲಿಸ್ ನೆಲಕ್ಕೆ ಉಗಿದಳು. ಆಮೇಲೆ ಎನಿಡಳ ಕೈ ಹಿಡಿದು ಬಕೆಟ್ಟಿನ ನೀರಿಗೆ ಅದ್ದಿದಳು.

ಮಧ್ಯಾಹ್ನ ಬ್ಯಾಸಿಲ್ ಕರೆಸಿದ. ಮರದ ತಡಿಕೆಯ ಅವನ ಕೋಣೆಯಲ್ಲಿ ಕೋಸ್ಟಿಗನ್ ಸಾಹೇಬರೂ ಇದ್ದರು. ಎನಿಡಳ ಕೈಗೆ ಕಟ್ಟಿದ್ದ ಬಟ್ಟೆ ನೋಡಿ ಎದ್ದು ನಿಂತು ತಮ್ಮ ಕುರ್ಚಿ ಕೊಟ್ಟರು. ಅವಳು ಕೂರಲಿಲ್ಲ.

ಬ್ಯಾಸಿಲ್ ಮೇಜಿನ ಮೇಲಿನ ಪೆನ್ಸಿಲುಗಳನ್ನು ಸಾಲಾಗಿ ಜೋಡಿಸುತ್ತ, ತಾನು ಸಾಹೇಬರಿಗೆ ಎಲ್ಲ ವಿವರಿಸಿದ್ದೇನೆ ಎಂದ. ಕಾವಿಗೆ ತಂತಿ ಹಿಗ್ಗಿ ಕೊಕ್ಕೆಯಲ್ಲಿ ಸಿಕ್ಕಿಹಾಕಿಕೊಂಡಿತು, ಬೊಂಬೆಯನ್ನು ಬೀಳಿಸಲು ಆಗಲಿಲ್ಲ, ಬೆಂಕಿಯಿಂದ ಹೊರಗೆ ತರಲೆಂದು ಎನಿಡ್ ಅದನ್ನು ಮುಂದಕ್ಕೆ ನಡೆಸಿದಳು. ಇಂಥ ಅಪಘಾತ ನಮ್ಮ ಕೆಲಸದಲ್ಲಿ ಆಗುವುದೇ. ಅಲ್ಲವೇ ಎನಿಡ್, ಎಂದು ಕೇಳಿ ಅವಳ ಕಡೆ ನೋಡಿದ. ಬೇಡಿಕೊಳ್ಳುವ ನೋಟ ಅದು. ಕೋಸ್ಟಿಗನ್ನರೂ ತಲೆಯಾಡಿಸಿ, ಅಪಘಾತಕ್ಕೆ ಯಾರನ್ನೂ ದೂರುವ ಹಾಗಿಲ್ಲ ಎಂದರು. ಹೌದು ಎಂದುಬಿಟ್ಟರೆ ಸೋಮವಾರ ಎಂದಿನಂತೆ ಕೆಲಸಕ್ಕೆ ಬರಬಹುದು ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಎನಿಡ್ ಕೈಯ ಕಟ್ಟನ್ನು ನೋಡಿಕೊಂಡಳು. ನಲವತ್ತು ದಾಟಿದ ಬೊಂಬೆಯಾಟದವಳಿಗೆ ಇನ್ನೊಂದು ಕೆಲಸ ಎಲ್ಲಿ ಸಿಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಬಾಡಿಗೆ ಕೋಣೆಯ ಕಿಟಕಿಯಲ್ಲಿ ಅವಳು ನೆಟ್ಟ ಟೊಮೆಟೊ ಗಿಡಗಳು ಈಗಷ್ಟೇ ಹೂ ಬಿಟ್ಟಿದ್ದವು. ಈ ಗೋದಾಮು, ಈ ಜನ, ಎಲ್ಲಕ್ಕಿಂತ ಹೆಚ್ಚಾಗಿ ಆ ಅಟ್ಟಣೆ ಅವಳಿಗೆ ಬೇಕಿತ್ತು.

"ತಂತಿ ಸಿಕ್ಕೊಂಡಿಲ್ರಿ," ಎಂದಳು. "ನಾನ ನಡಸಿದೆ."

"ಎನಿಡ್," ಎಂದ ಬ್ಯಾಸಿಲ್.

"ಡಿಲಿಸಗ ಏನೂ ಗೊತ್ತಿರಲಿಲ್ಲ, ಆಕಿನ್ನ ಬಿಟ್ಟುಬಿಡ್ರಿ. ನಾ ಬೇಕಂತನ ಮಾಡಿದೆ. ಮತ್ತ ಅಂಥಾದ ದೃಶ್ಯ ಕೊಟ್ರ ಮತ್ತ ಹಂಗ ಮಾಡ್ತೀನಿ." ಕೋಸ್ಟಿಗನ್ನರ ಕಡೆ ತಿರುಗಿ, "ನಿಮಗ ಮಗಳದಾಳ ಏನ್ರಿ?" ಎಂದು ಕೇಳಿದಳು.

ಇಬ್ಬರಿದ್ದಾರೆ ಎಂದರು ಅವರು.

"ಮನಿಗೆ ಬೆಂಕಿ ಬಿದ್ರ ಅವರು ಏನ್ ಮಾಡ್ಬೇಕಂತ ಕಲಿಸೀರಿ?"

ಕೋಸ್ಟಿಗನ್ನರು ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. ಕೊನೆಗೆ, ತಾವು ನೋಡಿದ್ದು ಬಹಳ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ, ಆದರೆ ತಾವು ಕೇಳಿದ್ದು ಅದಲ್ಲ ಎಂದರು. ಸಿಟ್ಟಿಲ್ಲದೆ, ಮರ್ಯಾದೆಯಿಂದಲೇ ಹೇಳಿದರು. ಬ್ಯಾಸಿಲ್ ಪೆನ್ಸಿಲುಗಳ ಸಾಲನ್ನು ಕೆಡಿಸಿ ಮತ್ತೆ ಜೋಡಿಸತೊಡಗಿದ.

ಕೆಲಸ ಕಳೆದುಕೊಂಡ ಎನಿಡ್ ಸಂಜೆಯೇ ತನ್ನ ಕತ್ತರಿ, ಇಕ್ಕಳ, ಹಳೆಯ ಕೋಟು ತೆಗೆದುಕೊಂಡು ಹೊರಟಳು. ಆಲ್ಫ್ ಗೇಟಿನ ತನಕ ಬಂದು ಸಿಗರೇಟು ಹಚ್ಚಿಕೊಟ್ಟ. ಅವಳ ಕೈಗೆ ಬೆಂಕಿಕಡ್ಡಿ ಹಿಡಿಯಲು ಆಗುತ್ತಿರಲಿಲ್ಲ.

ಹಲ್ ಊರಿಗೆ ಬಂದು ತಂಗಿ ಮೇವಿಸಳ ಮನೆಯಲ್ಲಿ ಇಳಿದಳು. ಬಂದರಿನ ರಸ್ತೆಯಲ್ಲಿ ಮೇವಿಸಳದ್ದೂ ಅವಳ ಗಂಡ ಸ್ಟ್ಯಾನನದ್ದೂ ಕರಿದ ಮೀನಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಎನಿಡ್ ಬೆಳಗ್ಗೆ ಆಲೂಗಡ್ಡೆ ಸುಲಿಯುತ್ತಿದ್ದಳು, ಮಧ್ಯಾಹ್ನ ಅಪ್ಪನ ಪೆಟ್ಟಿಗೆಯಲ್ಲಿದ್ದ ಮುರುಕು ಬೊಂಬೆಗಳನ್ನು ಒಂದೊಂದಾಗಿ ರಿಪೇರಿ ಮಾಡುತ್ತಿದ್ದಳು. ಅವನ್ನು ಕಟ್ಟಿಕೊಂಡು ಶಾಲೆಗಳಿಗೆ ಹೋಗಿ ಆಡಿಸುತ್ತೇನೆಂದು ಹೊರಟಾಗ ಸ್ಟ್ಯಾನ್ ನಕ್ಕಿದ್ದ. ಎರಡು ಶಾಲೆಯವರು ಕರೆದ ಮೇಲೆ ನಗುವುದು ನಿಲ್ಲಿಸಿದ.

ಶರತ್ಕಾಲದ ಒಂದು ದಿನ ಅಂಗಡಿಗೆ ಡಿಲಿಸ್ ಫೋನು ಮಾಡಿದಳು. ಕುಲುಮೆ ಕೋಣೆಯ ಕಂತು ಈ ಗುರುವಾರ ಬರುತ್ತದೆ, ನೋಡು ಎಂದಳು. ನಡಿಗೆಯನ್ನು ಬ್ಯಾಸಿಲ್ ಕತ್ತರಿಸಿಲ್ಲ, ಅದನ್ನು ಬಿಟ್ಟರೆ ಬೆಂಕಿಯ ಬೇರೆ ಚಿತ್ರವೇ ಇರಲಿಲ್ಲ, ಚಕ್ರ ತಿರುಗುವುದನ್ನಷ್ಟೇ ಆಮೇಲೆ ಹಿಡಿದು ಸೇರಿಸಿದ್ದಾರೆ. "ಆದ್ರೆ ನೋಡಿ ಕೋಪ ಮಾಡ್ಕೋಬೇಡ ಮಾರಾಯ್ತಿ," ಎಂದು ಫೋನು ಇಟ್ಟುಬಿಟ್ಟಳು.

ಗುರುವಾರ ಸಂಜೆ ಹಿಂದಿನ ಕೋಣೆಯಲ್ಲಿ ಎನಿಡಳೂ ಮೇವಿಸಳ ಮಗಳು ರೋನಾಳೂ ಟೆಲಿವಿಷನ್ನಿನ ಮುಂದೆ ಕೂತರು. ರೋನಾಳ ಮಡಿಲಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಬಿಸಿ ಆಲೂಗಡ್ಡೆ. ಬಾಗಿಲಾಚೆ ಅಂಗಡಿಯಲ್ಲಿ ಎಣ್ಣೆ ಚುರುಗುಡುತ್ತಿತ್ತು. ಹಡಗು ಬಂತು, ಅಪಾಯದ ಕರೆ ಬಂತು, ಕಮಾಂಡರ್ ಹೊರಗೆ ಹೋದ. ಬೆಂಕಿ ಎದ್ದಿತು. ಕಪ್ಪುಬಿಳುಪಿನಲ್ಲಿ ಅದು ಎನಿಡ್ ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಕಂಡಿತು. ಬಾಗಿಲು ತೆರೆಯಿತು. ಕೋರಾ ಹೊಸ್ತಿಲಲ್ಲಿ ನಿಂತಳು.

ಒಂದು ಹೆಜ್ಜೆ ಇಟ್ಟಳು. ಅವಸರದಲ್ಲಿ ಓಡಿಸಿದ ಆ ನಡಿಗೆ ಕ್ಯಾಮೆರಾ ದುಪ್ಪಟ್ಟು ವೇಗದಲ್ಲಿ ಓಡಿದ್ದರಿಂದ ನಿಧಾನವಾಗಿ, ಭಾರವಾಗಿ ಕಾಣುತ್ತಿತ್ತು. ಎನಿಡ್ ಉಸಿರು ಬಿಗಿಹಿಡಿದಳು. ಅಷ್ಟರಲ್ಲಿ ಮೇಲೆಲ್ಲಿಂದಲೋ, ಚಿತ್ರ ತೆಗೆದಮೇಲೆ ಸೇರಿಸಿದ ಕಮಾಂಡರನ ಗಡಸು ದನಿ ಕೇಳಿಸಿತು. "ಹೆದರಬೇಡ ಕೋರಾ. ನಾನು ರೇಡಿಯೊದಲ್ಲಿದ್ದೇನೆ. ನಾನು ಹೇಳಿದ ಹಾಗೆ ಮಾಡು. ಎಡಗಾಲು ಮುಂದಿಡು."

ಕೋರಾ ಎಡಗಾಲು ಇಟ್ಟಳು.

"ಜಾಣೆ. ಈಗ ಬಲಗಾಲು."

ಎನಿಡ್ ಎದ್ದು ಟೆಲಿವಿಷನ್ನಿನ ಹತ್ತಿರ ಹೋಗಿ ಗುಂಡಿ ತಿರುಗಿಸಿದಳು. ದನಿ ಸಣ್ಣದಾಗಿ, ನಿಂತೇಹೋಯಿತು.

"ದೊಡ್ಡವ್ವಾ, ಸದ್ದು ಯಾಕ ಬಂದ್ ಮಾಡಿದಿ?" ಎಂದಳು ರೋನಾ. "ಅಂವ ಏನರ ಹೇಳಾಕತ್ತಿದ್ದ."

"ಏನೂ ಹೇಳಾಕತ್ತಿರಲಿಲ್ಲ. ನೋಡ ನೀ."

ಸ್ಟ್ಯಾನ್ ಅಂಗಡಿಯ ಬಾಗಿಲಲ್ಲಿ ತಲೆ ಹಾಕಿ ಟೆಲಿವಿಷನ್ ಕೆಟ್ಟಿತೇ ಎಂದು ಕೇಳಿದ. ಯಾರೂ ತಿರುಗಲಿಲ್ಲ. ರೋನಾ ಪೊಟ್ಟಣವನ್ನು ಪಕ್ಕಕ್ಕಿಟ್ಟು, ಕುರ್ಚಿಯಿಂದ ಜಾರಿ, ನೆಲದ ಮೇಲೆ ಮಂಡಿಯೂರಿ ಮುಂದೆ ಮುಂದೆ ಬಂದಳು. ಅವಳ ಮುಖದ ಮೇಲೆ ಬೆಳಕು ಅಲುಗುತ್ತಿತ್ತು. ಎನಿಡ್ ಗುಂಡಿಯ ಮೇಲೆ ಕೈ ಇಟ್ಟುಕೊಂಡೇ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಸದ್ದಿಲ್ಲದ ಬೆಂಕಿಯ ನಡುವೆ ಕೋರಾ ಬಿದ್ದ ಎಂಜಿನಿಯರನನ್ನು ಸುತ್ತಿಕೊಂಡು, ಕೂದಲಿನ ತುದಿ ಹೊಗೆಯಾಡುತ್ತ, ನಡೆಯುತ್ತಿದ್ದಳು.